ಮೂರನೇ ದರ್ಜೆಯ ಪ್ಲೇಟು

ನೀರಿನ ಹನಿ ಗ್ರಾಮಫೋನಿನ ಕಪ್ಪು ಪ್ಲೇಟಿನ ಮೇಲೆ ಇಂಗದೆ ನಿಂತಿದೆ, ಉರುಳುತ್ತದೆ, ನಡುವಿನ ಕಾಗದಕ್ಕೆ ತಾಗಬಾರದು, ತಾಗಿದರೆ ದರ್ಜೆ ಇಳಿಯುತ್ತದೆ ಎಂದು ಗಂಡ ಶಶಿಕಾಂತ ನೂರು ಸಲ ಹೇಳಿದ್ದಾನೆ — ಸುರೇಖಾ ಸೆರಗಿನ ತುದಿಯಿಂದ ಒತ್ತಿ ತೆಗೆದಳು, ಕುಕ್ಕರು ಎರಡು ಸೀಟಿ ಹೊಡೆದಿದೆ, ಇನ್ನೊಂದು ಆಗಬೇಕು, ಆಮೇಲೆ ಮಗಳು ರೋಹಿಣಿಯ ಜಡೆ, ಆಮೇಲೆ ಉಳಿದ ಒಂಬತ್ತು ಪ್ಲೇಟು, ಎಲ್ಲವೂ ಮುಂಬೈ ಹೋಟೆಲುಗಳ ಹಳೆಯ ಡ್ಯಾನ್ಸ್ ಬ್ಯಾಂಡಿನವು, ಎಲ್ಲವೂ ತೀರಿಹೋದ ಅಪ್ಪನವು, ರಾಣೇಬೆನ್ನೂರಿನ ಮನೆ ಖಾಲಿ ಮಾಡುವಾಗ ಅವಳ ತಮ್ಮನಿಂದ ಇವನೇ ಕೊಂಡದ್ದು, ಹೆಂಡತಿಗೆ ಒಂದು ಮಾತು ಹೇಳದೆ, ಯಾರದೋ ಮನೆಯಿಂದ ತಂದ ಹಾಗೆ. ತಂದು ಹಾವೇರಿಯ ಈ ಪಡಸಾಲೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಒಂದೊಂದನ್ನೇ ಓರೆಯಾಗಿ ಹಿಡಿದು ನೋಡಿದ, ಗೀರು, ಬಿರುಕು, ಅಂಚಿನ ಸೀಳು — ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯನ್ನು ಮುಷ್ಟಿಯಲ್ಲೆತ್ತಿ ನೋಡುವ ಅದೇ ಕಣ್ಣು, ಅಲ್ಲಿ ಸುಕ್ಕು ಹೆಚ್ಚಿದಷ್ಟೂ ಮೇಲಿನ ದರ್ಜೆ, ಇಲ್ಲಿ ಒಂದು ಗೆರೆ ಕಂಡರೂ ಕೆಳಗೆ, ಎರಡೂ ಕಡೆ ತೀರ್ಪು ಅವನದೇ, ಹದಿನೇಳು ವರ್ಷದಿಂದ ಅವಳ ರೊಟ್ಟಿಯನ್ನೂ ಹಾಗೇ ಬೆಳಕಿಗೆ ಹಿಡಿಯುತ್ತಾನೆ. ಒಂದನೇ ಚೀಟಿಯವು ಗಾಜಿನ ಕಪಾಟಿಗೆ, ಎರಡನೆಯವು ಪೆಟ್ಟಿಗೆಗೆ, ಮೂರನೆಯವು ಸಂಜೆ ಬರುವ ಸುನೀಲಕುಮಾರನಿಗೆ, ಅವನು ಹಳೆಯ ಪ್ಲೇಟಿಗೆ ಮುಳ್ಳು ಕೂಡಿಸಿ ಗೋಡೆ ಗಡಿಯಾರ ಮಾಡಿ ಮಾರುತ್ತಾನೆ, ಹೋಗುವವೂ ತೊಳೆಸಿಕೊಂಡೇ ಹೋಗಬೇಕು.

ಇದಕ್ಕೆ ಮೂರು. ಇದು, ಕೈಯಲ್ಲಿರುವುದು — ಅಂಚಿನಿಂದ ಎರಡು ಬೆರಳು ಒಳಗೆ ಬೂದಿಬಣ್ಣದ ಒಂದು ಬಳೆ, ಅಲ್ಲಿ ಮಾತ್ರ ಸವೆದು ಕಪ್ಪು ಸತ್ತಿದೆ. ಅಪ್ಪ ಸೂಜಿ ಎತ್ತುತ್ತಾನೆ, ಮತ್ತೆ ಅಲ್ಲೇ ಇಡುತ್ತಾನೆ, ತೊಡೆಯ ಮೇಲೆ ಕ್ಲಾರಿನೆಟ್, ಆರು ಸ್ವರಗಳ ಒಂದು ತಿರುವು, ಬೆರಳು ತಪ್ಪಿತು, ಮತ್ತೆ ಎತ್ತು, ಮತ್ತೆ ಇಡು, ಸುರೀ, ಕೀಲಿ ಕೊಡವ್ವಾ, ಅವಳು ಎರಡೂ ಕೈಯಿಂದ ಹಿಡಿಕೆ ತಿರುಗಿಸುತ್ತಾಳೆ, ಅವಳಿಗೆ ಏಳು ವರ್ಷ, ನಾಳೆ ಮೇಡ್ಲೇರಿಯಲ್ಲಿ ಮದುವೆ, ನೀಲಿ ಕೋಟಿನ ಬ್ಯಾಂಡಿನವರ ಮುಂದೆ ಅಪ್ಪ ಹೊಳಿಯಪ್ಪ, ಯಾವ ಕಾಲದ ದೊರೆಗಳೋ ಕುಡಿದು ಕುಣಿದ ರಾಗಕ್ಕೆ ಇಲ್ಲಿ ಬೀಗರು ಹೆಜ್ಜೆ ಹಾಕುತ್ತಾರೆ, ಆ ಆರು ಸ್ವರ ತಪ್ಪದೆ ಬಂತು, ಅಪ್ಪ ಗುಂಪಿನಲ್ಲಿ ಅವಳನ್ನೇ ಹುಡುಕಿ ಹುಬ್ಬು ಹಾರಿಸಿದ. ಅವ್ವಾ, ಇದ್ಯಾಕ ಹಿಂಗಾಗೇತಿ, ಅಜ್ಜ ಕೆಡಿಸ್ಯಾನೇನ — ರೋಹಿಣಿ ಬಾಚಣಿಗೆ ಹಿಡಿದು ನಿಂತಿದ್ದಾಳೆ, ಬಾ ಕುಂದ್ರು, ಕೆಡಿಸಿಲ್ಲವ್ವ, ಕಲ್ತಾನ, ಪ್ಲೇಟು ತೊಡೆಯ ಮೇಲೆ, ಮುಂದೆ ಮಗಳ ತಲೆ, ಎಷ್ಟು ಮೆತ್ತಗಿನ ಕೂದಲು, ಅಪ್ಪನದೇ. ಬೆಳಿಗ್ಗೆ ಕೇಳಿದ್ದಳು, ಹದಿನೇಳು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ, ಇದೊಂದನ್ನ ಕಪಾಟಿನಾಗ ಇಡ್ರಿ. ಶಶಿಕಾಂತ ನಕ್ಕ, ನಿಮ್ಮಪ್ಪ ಪ್ಲೇಟು ಕೇಳಿಲ್ಲ, ಹೊಲಾ ಉತ್ತಾಂಗ ರಂಟಿ ಹೊಡದಾನ, ಇದನ್ನಿಟ್ರ ನೋಡಾಕ ಬಂದವ್ರು ನನಗ ದರ್ಜಾ ತಿಳ್ಯಾಂಗಿಲ್ಲ ಅಂತಾರ. ಹಂಗಾರ ನನ್ನ ಟ್ರಂಕಿನಾಗ ಇಟ್ಕೊಂತೇನಿ. ಹುಚ್ಚಿ, ಟ್ರಂಕಿನಾಗ ಯಾರು ನೋಡ್ತಾರ, ಗಡಿಯಾರ ಮಾಡಿಸಿ ನಿನ್ನ ಅಡಗಿಮನಿಗೇ ಹಾಕಸ್ತೇನಿ, ದಿನಾ ನಿಮ್ಮಪ್ಪನ್ನ ನೋಡ್ಕೋಂತ ರೊಟ್ಟಿ ಬಡಿ. ದೊಡ್ಡ ಮನಸ್ಸು ಮಾಡಿದವನ ಮುಖ. ಅವಳು ಆಗಲಿ ಎಂದಳು — ಯಾಕೆ ಆಗಲಿ ಎಂದಳು, ನಾಲಿಗೆ ಅದೊಂದನ್ನೇ ಕಲಿತುಬಿಟ್ಟಿದೆ, ಎಲ್ಲಿಂದ ಎತ್ತಿದರೂ ಅಲ್ಲೇ ಬಂದು ಕೂಡುತ್ತದೆ.

ವೈನಿ, ಮೂರನೇವು ಎಲ್ಲಿ ಅದಾವರಿ — ಸುನೀಲಕುಮಾರ ಬಂದೇಬಿಟ್ಟ, ಮೂರನೇ ಸೀಟಿ, ಜಡೆ ಇನ್ನೂ ಅರ್ಧ, ಶಶಿಕಾಂತ ಅವಳ ತೊಡೆಯ ಮೇಲಿಂದ ಪ್ಲೇಟು ಎತ್ತಿ ಕೊಟ್ಟ, ಅವನು ಕಿಸೆಯಿಂದ ಬಳಪ ತೆಗೆದು ಹನ್ನೆರಡರ ಜಾಗಕ್ಕೆ ಗುರುತು ಹಾಕಿದ, ಅದೂ ಬಳೆಯ ಮೇಲೆಯೇ, ಚಲೋ ಆತ್ರಿ ಅಣ್ಣಾರ, ಪೂರಾ ಕರ್ರಗಿದ್ರ ಮುಳ್ಳು ಎದ್ದು ಕಾಣೂದಿಲ್ಲ, ಈ ಬೂದಿ ಪಟ್ಟಿ ಮ್ಯಾಲ ಭಾಳ ಚಂದ ಕಾಣತೈತಿ. ನೋಡು, ಕಡೀಕ ಉಪಯೋಗಕ್ಕ ಬಂತು, ಗಂಡ ಅವಳ ಕಡೆ ತಿರುಗಿ ಹೇಳುತ್ತಿದ್ದಾನೆ, ಅವಳ ಕೈಯಿಂದ ಅರ್ಧ ಜಡೆ ಬಿಚ್ಚಿಕೊಳ್ಳುತ್ತಿದೆ, ಇನ್ನು ಮುಳ್ಳಿನ ತುದಿ ಅಲ್ಲೇ ಸುತ್ತುತ್ತದೆ, ಅಪ್ಪನ ಆರು ಸ್ವರದ ಮೇಲೆ, ಸದ್ದಿಲ್ಲದೆ, ಯಾರೂ ಎತ್ತಿ ಹಿಂದಕ್ಕೆ ಇಡುವುದಿಲ್ಲ, ಯಾರೂ ಕೀಲಿ ಕೊಡಬೇಕಾಗಿಲ್ಲ, ಸುತ್ತುತ್ತದೆ, ಬೂದಿಬಣ್ಣದ ಬಳೆ, ಸುರೀ, ಕೀಲಿ ಕೊಡವ್ವಾ, ಬೂದಿಬಣ್ಣದ ಬಳೆ, ಬೂದಿಬಣ್ಣದ