ನಲವತ್ತೊಂಬತ್ತನೆಯ ಹಾಳೆ

ಪುಸ್ತಕ ಕಟ್ಟುವವನ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ಬೆರಳ ಸಂದಿಯಲ್ಲಿ ಸದಾ ಒಣಗಿದ ಹಿಟ್ಟಿನ ಅಂಟು ಇರುತ್ತಿದ್ದುದರಿಂದ ಅವನು ಎಲ್ಲರ ಬಾಯಲ್ಲೂ ಅಂಟಣ್ಣ. ಹುಟ್ಟಾ ಪುಕ್ಕಲ. ನಾಯಿ ಬೊಗಳಿದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ, ಎಲ್ಲೋ ಸೀಟಿ ಊದಿದರೆ ತಾನೇನು ತಪ್ಪು ಮಾಡಿದೆನೆಂದು ನೆನಪಿಸಿಕೊಳ್ಳುತ್ತಿದ್ದ. ಕೆಲಸದ ಮಾತಿಗೆ ಬಂದರೆ ಮಾತ್ರ ಅವನಷ್ಟು ಜಂಬದವನು ಇನ್ನೊಬ್ಬನಿಲ್ಲ. ತಾನು ಕಟ್ಟಿದ ಪುಸ್ತಕದಲ್ಲಿ ಐಬು ಇದೆಯೆಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಒಪ್ಪಿಕೊಂಡವನಲ್ಲ. ಹೊಲಿಗೆ ಬಿಟ್ಟಿತೆಂದು ಯಾರಾದರೂ ತಂದರೆ, ಓದುವವರ ಕೈ ಒರಟು ಎನ್ನುತ್ತಿದ್ದ.

ಇಂಥವನ ಅಂಗಡಿಗೆ ಒಂದು ಮಧ್ಯಾಹ್ನ ಅವನ ಅಕ್ಕ ಸೊಪ್ಪಿನ ಚೀಲ ಹಿಡಿದು ಬಂದಳು. ಸೊಪ್ಪಿನ ಅಡಿಯಲ್ಲಿ ಭಾವ ಬರೆದ ಹಾಳೆಗಳಿದ್ದವು.

ಪರದೇಶದ ಸೈನ್ಯ ಊರಿಗೆ ಬಂದು ಕೂತು ಆಗಲೇ ಎಂಟು ತಿಂಗಳು. ಭಾವ ಶಾಲೆಯ ಮೇಷ್ಟ್ರು. ಅವರ ಶಾಲೆಯ ಪುಸ್ತಕಗಳನ್ನು ಸೈನ್ಯದವರು ಅಂಗಳದಲ್ಲಿ ರಾಶಿ ಹಾಕಿ ಸುಟ್ಟಿದ್ದರು. ಮಕ್ಕಳು ಕಣ್ಣು ಮುಚ್ಚದಂತೆ ಸಿಪಾಯಿಗಳು ಸಾಲಿನ ಉದ್ದಕ್ಕೂ ಓಡಾಡಿದ್ದರು. ಆಮೇಲೆ ಜನರನ್ನು ಕಲ್ಲುಗಣಿಗೆ ಸಾಗಿಸತೊಡಗಿದರು. ಯಾರನ್ನು ಯಾವ ದಿನ ಯಾವ ಮನೆಯಿಂದ ಎಳೆದೊಯ್ದರು, ಹೋಗುವಾಗ ಅವರು ಏನಂದರು, ಆಗ ಒಲೆಯ ಮೇಲೆ ಏನಿತ್ತು, ಎಲ್ಲವನ್ನೂ ಭಾವ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಮೂರು ವಾರದ ಹಿಂದೆ ಅವರನ್ನೂ ಒಯ್ದರು. ಈಗ ಬೀದಿ ಬೀದಿಯ ತಪಾಸಣೆ ನಡೆದಿತ್ತು. ಕೈಬರಹದ ಕಾಗದ ಸಿಕ್ಕ ಮನೆಯವರೆಲ್ಲ ಗಣಿಗೇ.

"ಸುಟ್ಟುಬಿಡು ಅಂತ ಅವರೇ ಹೇಳಿ ಹೋದ್ರು," ಅಂದಳು ಅಕ್ಕ. "ನನ್ನ ಕೈಲಿ ಆಗಲ್ಲ ಕಣೋ. ನಿನ್ನ ಕೈಲಿ ಆದ್ರೆ ನೀನು ಸುಡು."

ಸುಡುವುದೆಂದೇ ಅಂಟಣ್ಣ ಅಂಟು ಕುದಿಸುವ ಒಲೆಯ ಮುಂದೆ ಕೂತ. ಮೇಲಿನ ಹಾಳೆಯಲ್ಲಿ ಚಮ್ಮಾರನ ವಿಷಯವಿತ್ತು. ಅವನನ್ನು ಒಯ್ಯುವಾಗ, ಯಾರದೋ ಒಂದು ಜೊತೆ ಚಪ್ಪಲಿಗೆ ಇನ್ನೂ ಎರಡು ಹೊಲಿಗೆ ಬಾಕಿಯಿದೆ, ಮುಗಿಸಿ ಬರುತ್ತೇನೆ ಎಂದು ಕೇಳಿದನಂತೆ. ಆ ಚಪ್ಪಲಿ ಅಂಟಣ್ಣನದು. ಅವನ ಕೈ ಮುಂದಕ್ಕೆ ಹೋಗಲಿಲ್ಲ. ಹೆದರಿಕೆ ಹೋಯಿತೆಂದಲ್ಲ, ಎರಡು ಸಲ ಎದ್ದು ಬಾಗಿಲ ಅಗಳಿ ನೋಡಿ ಬಂದ, ಆದರೂ ಕೈ ಹೋಗಲಿಲ್ಲ.

ಅವನಿಗೆ ಹೊಳೆದ ಉಪಾಯ ಕೆಲಸದವನಿಗೆ ಮಾತ್ರ ಹೊಳೆಯುವಂಥದು. ಯುದ್ಧ ಶುರುವಾದಾಗಿನಿಂದ ಪುಸ್ತಕದ ಹೊದಿಕೆಗೆ ರಟ್ಟು ಸಿಗುತ್ತಿರಲಿಲ್ಲ. ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಒಣಗಿಸಿ ಅವನೇ ರಟ್ಟು ಮಾಡಿಕೊಳ್ಳುತ್ತಿದ್ದ. ಸೈನ್ಯದ ಕಚೇರಿಯ ಹನ್ನೆರಡು ರಿಜಿಸ್ಟರುಗಳು ಅವನ ಬಳಿ ಕಟ್ಟಲು ಬಂದಿದ್ದವು. ಅವುಗಳಲ್ಲಿ ಒಯ್ದವರ ಹೆಸರು ಬರೆಯುತ್ತಿದ್ದರು. ಊರಿನ ಮನೆಗಳನ್ನೆಲ್ಲ ಜಾಲಾಡುವವರು ತಮ್ಮ ಕಪಾಟನ್ನು ಜಾಲಾಡುವುದಿಲ್ಲ. ಭಾವನ ಹಾಳೆಗಳು ನಲವತ್ತೆಂಟು. ಹನ್ನೆರಡು ರಿಜಿಸ್ಟರು, ಒಂದೊಂದಕ್ಕೆ ಎರಡು ರಟ್ಟು, ಪ್ರತಿ ರಟ್ಟಿನ ಹೊಟ್ಟೆಯೊಳಗೆ ಎರಡು ಹಾಳೆ. ಲೆಕ್ಕ ಹೇಳಿ ಮಾಡಿಸಿದಂತೆ ಕೂತಿತು. ಹಿಟ್ಟಿನ ಅಂಟು ನೀರಿಗೆ ಬಿಡುತ್ತದೆ, ಪೆನ್ಸಿಲಿನ ಬರಹ ನೀರಿಗೆ ಹೋಗುವುದಿಲ್ಲ, ಕಾಲ ಬಂದಾಗ ಬಿಡಿಸಿಕೊಳ್ಳೋಣ ಎಂದು ಅಕ್ಕನಿಗೆ ಹೇಳಿದ. ಅಕ್ಕ ಅವನನ್ನೇ ನೋಡಿದಳು. ಇವನು ನನ್ನ ತಮ್ಮನೇ ಹೌದಾ ಎಂದು ಕೇಳುವ ಹಾಗಿತ್ತು ಆ ನೋಟ.

ಒಂದು ತಪ್ಪಾಯಿತು. ಮರಕ್ಕೆ ಇರುವಂತೆ ಕಾಗದಕ್ಕೂ ಒಂದು ನಾರು ಇರುತ್ತದೆ. ರಟ್ಟಿನೊಳಗೆ ಎಲ್ಲ ಹಾಳೆಗಳ ನಾರೂ ಮೇಲಿಂದ ಕೆಳಕ್ಕೆ ಒಂದೇ ಕಡೆ ಹರಿಯಬೇಕು, ಇಲ್ಲದಿದ್ದರೆ ರಟ್ಟು ಸೊಟ್ಟಗಾಗುತ್ತದೆ. ಭಾವನ ಹಾಳೆಗಳು ಅಡ್ಡ ಹಾಕಿದರೆ ಮಾತ್ರ ಅಳತೆಗೆ ಹೊಂದುತ್ತಿದ್ದವು. ಅಂಟಣ್ಣನಿಗೆ ಅದು ಗೊತ್ತಿತ್ತು. ತಪಾಸಣೆ ಪಕ್ಕದ ಬೀದಿಗೆ ಬಂದಿತ್ತು, ಅವನು ಅಡ್ಡವೇ ಹಾಕಿದ.

ಹವೆಯಲ್ಲಿ ತೇವ ಏರಿದ ವಾರವೇ ಕಚೇರಿಯಿಂದ ಕರೆ ಬಂತು. ಅಧಿಕಾರಿಯ ಮೇಜಿನ ಮೇಲೆ ಒಂದು ರಿಜಿಸ್ಟರು ಒಣಗಿದ ಎಲೆಯ ಹಾಗೆ ಹೊದಿಕೆಯ ಅಂಚನ್ನು ಮೇಲೆತ್ತಿಕೊಂಡು ಬಿದ್ದಿತ್ತು. ಕಪಾಟಿನಲ್ಲಿದ್ದ ಹನ್ನೊಂದರದ್ದೂ ಅದೇ ಕತೆ. ಅಧಿಕಾರಿ ಅಚ್ಚುಕಟ್ಟಿನ ಮನುಷ್ಯ. ಪೆನ್ನು, ಪಿಸ್ತೂಲು, ಕನ್ನಡಕದ ಡಬ್ಬಿ ಮೂರನ್ನೂ ಮೇಜಿನ ಮೇಲೆ ನೇರವಾಗಿ ಜೋಡಿಸಿಟ್ಟಿದ್ದ. ಈ ರಟ್ಟಿನೊಳಗೆ ಏನಿದೆ ಎಂದು ದುಭಾಷಿಯ ಮೂಲಕ ಕೇಳಿ, ಕಾಗದ ಕತ್ತರಿಸುವ ಚಾಕು ತೆಗೆದು, ಅದರ ಮೊನೆಯನ್ನು ರಟ್ಟಿನ ಅಂಚಿಗೆ ಇಟ್ಟ.

ಮೂವತ್ತು ವರ್ಷದಲ್ಲಿ ಅಂಟಣ್ಣನ ಬಾಯಿಂದ ಹೊರಡದಿದ್ದ ಮಾತು ಆಗ ಹೊರಬಿತ್ತು.

"ಏನೂ ಇಲ್ಲ ಸ್ವಾಮಿ, ತಪ್ಪು ನಂದೇ. ಕೆಲಸ ಕೆಡಿಸ್ಬಿಟ್ಟೆ. ನಾರು ಅಡ್ಡ ಹಾಕ್ಬಿಟ್ಟೆ."

ನಾರು ಎಂದರೇನೆಂದು ದುಭಾಷಿಗೇ ಅರ್ಥವಾಗಲಿಲ್ಲ. ಅಂಟಣ್ಣ ಕಸದ ಬುಟ್ಟಿಯಿಂದ ಒಂದು ಕಾಗದ ಎತ್ತಿ, ಎರಡು ಕೈಯಲ್ಲೂ ಹಿಡಿದು ಉದ್ದಕ್ಕೆ ಹರಿದ. ಗೆರೆ ಹಾಕಿದಂತೆ ನೇರವಾಗಿ ಹರಿಯಿತು. ಅಡ್ಡಕ್ಕೆ ಹರಿದ, ಇಲಿ ಕಡಿದ ಹಾಗೆ ಅಂಕುಡೊಂಕಾಯಿತು. ಅಧಿಕಾರಿ ಚಾಕು ಕೆಳಗಿಟ್ಟು ತಾನೂ ಒಂದು ಹಾಳೆ ಹರಿದು ನೋಡಿದ. ಇನ್ನೊಂದು ಹರಿದ. ಮಗುವಿಗೆ ಹೊಸ ಆಟ ಸಿಕ್ಕಂತಾಗಿ ಅವನ ಮುಖ ಸಡಿಲವಾಯಿತು. ಆಮೇಲೆ ಎದ್ದು ಬಂದು ಅಂಟಣ್ಣನ ಕೆನ್ನೆಗೆ ಬಲವಾಗಿ ಬಾರಿಸಿದ, ಕೆಟ್ಟ ಕೆಲಸಕ್ಕೆ ಸಂಬಳವೆಂದು ದುಭಾಷಿ ಅನುವಾದಿಸಿದ. ಇಲ್ಲೇ, ತನ್ನ ಕಣ್ಣೆದುರಿಗೇ ಎಲ್ಲವನ್ನೂ ಸರಿಮಾಡಬೇಕೆಂದು ಅಪ್ಪಣೆಯಾಯಿತು.

ರಟ್ಟು ಒಡೆಯದೆ ಸೊಟ್ಟ ತೆಗೆಯಲು ಒಂದು ದಾರಿಯಿದೆ. ಒಳಮೈಗೆ ಇನ್ನೊಂದು ಹಾಳೆಯನ್ನು ಒದ್ದೆ ಅಂಟಿನಿಂದ ಅಂಟಿಸಿದರೆ, ಅದು ಒಣಗುತ್ತ ಒಣಗುತ್ತ ರಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಿಟ್ಟು ಬಂತು, ಸ್ಟವ್ ಬಂತು, ಕಾಗದಕ್ಕೆ ಕಸದ ಬುಟ್ಟಿಯೇ ಆಯಿತು. ಬರೆದ ಮಗ್ಗುಲು ಒಳಕ್ಕೆ, ಖಾಲಿ ಮಗ್ಗುಲು ಹೊರಕ್ಕೆ. ಒಂದೊಂದೇ ಅಂಟಿಸುತ್ತ ಬಂದ. ಏಳನೆಯ ರಿಜಿಸ್ಟರಿಗೆ ಎತ್ತಿಕೊಂಡದ್ದು ಊರಿನ ಭಾಷೆಯಲ್ಲೇ ಟೈಪು ಮಾಡಿದ ಕಾರ್ಬನ್ ಪ್ರತಿ. ಗಣಿಯಲ್ಲಿ ಸತ್ತವರ ಪಟ್ಟಿ. ಐದನೆಯ ಸಾಲಿನಲ್ಲಿ ಭಾವನ ಹೆಸರು, ಮುಂದೆ ಶಾಲಾ ಶಿಕ್ಷಕ ಎಂಬ ಮಾತು, ಹನ್ನೊಂದು ದಿನ ಹಿಂದಿನ ತಾರೀಕು.

ಅಧಿಕಾರಿ ಎರಡು ಮಾರು ದೂರದಲ್ಲಿ ಕೂತು ಕಾಗದ ಹರಿಯುತ್ತಲೇ ಇದ್ದ. ಮುಖ ಚೂರು ಬಾಡಿದರೂ ಯಾಕೆಂದು ಕೇಳುವವನು ಅವನು. ಅಂಟಣ್ಣ ಕುಂಚವನ್ನು ಅಂಟಿನಲ್ಲಿ ಅದ್ದಿ ಭಾವನ ಹೆಸರಿನ ಮೇಲೆ ಎಳೆದ. ಅಂಚು ಹೊಂದಿಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಗುಳ್ಳೆ ಏಳದಂತೆ ಕೂರಿಸಿದ. ಅಷ್ಟು ನೀಟಾಗಿ ಅವನು ಜನ್ಮದಲ್ಲಿ ಒಂದು ಹಾಳೆ ಅಂಟಿಸಿರಲಿಲ್ಲ. ಇನ್ನೂ ಐದು ರಿಜಿಸ್ಟರು ಬಾಕಿ ಇದ್ದವು, ಅವನ್ನೂ ಮುಗಿಸಿದ.

ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕಾದಿದ್ದಳು. ಹಾಳೆಗಳು ಉಳಿದವು ಎಂದ. ಕೆನ್ನೆ ಯಾಕೆ ಊದಿದೆ ಎಂದು ಕೇಳಿದ್ದಕ್ಕೆ, ಕೆಲಸ ಕೆಟ್ಟಿತ್ತಲ್ಲ ಎಂದ. ಪಟ್ಟಿಯ ಮಾತು ಎತ್ತದೆ ಅಂಗಡಿಯ ಬೀಗ ತೆಗೆದ. ಅವಳು ಅತ್ತರೆ ಬೀದಿಗೆ ಕೇಳುತ್ತದೆ, ನಿನಗೆ ಹೇಗೆ ತಿಳಿಯಿತೆಂದು ಕಚೇರಿಯವರು ಕೇಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಸುಳ್ಳೂ ಅಲ್ಲ. ಆದರೆ ಅಕ್ಕನ ಮುಖ ನೋಡುತ್ತ ಆ ಮಾತು ಹೇಳುವ ಗುಂಡಿಗೆ ಅವನಿಗೆ ಇರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ.

ಎರಡು ವರ್ಷ ಅಕ್ಕ ಪ್ರತಿ ವಾರ ಗಂಡನ ಬಿಳಿ ಅಂಗಿಯನ್ನು ಒಗೆದು ಅಂಗಳದ ತಂತಿಗೆ ಒಣಹಾಕುತ್ತಿದ್ದಳು. ಯಾರೂ ತೊಡದ ಅಂಗಿ. ಬಂದ ಕೂಡಲೆ ಬೇಕಾಗುತ್ತೆ ಅನ್ನುತ್ತಿದ್ದಳು. ಅಂಟಣ್ಣ ಆ ತಂತಿಯ ಕಡೆ ನೋಡದೆ ಅಂಗಳ ದಾಟುವುದನ್ನು ಅಭ್ಯಾಸ ಮಾಡಿಕೊಂಡ.

ಸೈನ್ಯ ಒಂದು ಬೆಳಿಗ್ಗೆ ಲಾರಿ ಹತ್ತಿ ಗಡಿಬಿಡಿಯಲ್ಲಿ ಹೊರಟುಹೋಯಿತು. ಕಪಾಟು ಹಾಗೇ ಉಳಿದಿತ್ತು. ಅಕ್ಕ ತಮ್ಮ ಕೈಗಾಡಿಯಲ್ಲಿ ಹನ್ನೆರಡು ರಿಜಿಸ್ಟರುಗಳನ್ನೂ ತಂದು, ಹೊದಿಕೆ ಕಿತ್ತು, ಬಟ್ಟೆ ನೆನೆಸುವ ತೊಟ್ಟಿಯಲ್ಲಿ ಮುಳುಗಿಸಿದರು. ಏಳನೆಯದನ್ನು ತಾನೇ ಬಿಡಿಸುತ್ತೇನೆಂದು ಅಂಟಣ್ಣ ಕೈಚಾಚಿದ. ಅಷ್ಟರಲ್ಲಿ ಅದು ಅಕ್ಕನ ಕೈಯಲ್ಲಿತ್ತು. ಒಳಮೈಯ ಹಾಳೆ ಮೊದಲು ಬಿಟ್ಟುಕೊಂಡಿತು. ಅವಳು ಅದನ್ನು ತಿರುಗಿಸಿದಳು.

ಐದನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು. "ನಿಂಗೆ ಗೊತ್ತಿತ್ತಾ?"

"ನಾನೇ ಅಂಟಿಸಿದ್ದು ಅಕ್ಕ."

ಅವಳು ಅವನನ್ನು ಬೈಯಲಿಲ್ಲ, ಅಂಟಣ್ಣನಿಗೆ ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಎದ್ದು ಹೋಗಿ ತಂತಿಯ ಮೇಲಿದ್ದ ಬಿಳಿ ಅಂಗಿಯನ್ನು ತೆಗೆದು ಮಡಚಿ ಮೆಟ್ಟಿಲ ಮೇಲಿಟ್ಟಳು. ಅಂಗಿ ಇದ್ದ ಜಾಗಕ್ಕೆ ಆ ಒದ್ದೆ ಹಾಳೆಯನ್ನು ಹಾಕಿದಳು. ಆಮೇಲೆ ಅಲ್ಲೇ ಗೋಡೆಗೆ ಒರಗಿ ಅತ್ತಳು, ಎರಡು ವರ್ಷದ್ದೆಲ್ಲ ಸೇರಿಸಿ, ಬೀದಿಗೆಲ್ಲ ಕೇಳುವ ಹಾಗೆ.

ಸಂಜೆಯ ಹೊತ್ತಿಗೆ ನಲವತ್ತೆಂಟು ಹಾಳೆಗಳೂ ಒಣಗಿದ್ದವು. ಅಂಟಣ್ಣ ಅವನ್ನು ಜೋಡಿಸಿ ಹೊಲಿಗೆಯ ದಾರ ಎತ್ತಿಕೊಂಡಾಗ ಅಕ್ಕ ತಂತಿಯಿಂದ ಆ ಪಟ್ಟಿಯನ್ನೂ ತಂದು ಕೊಟ್ಟಳು.

"ಅವರು ಎಲ್ಲರದ್ದೂ ಬರೆದ್ರು, ಅವರದ್ದೇ ಬಾಕಿ ಇತ್ತು. ಇದನ್ನ ಕೊನೇಲಿ ಹಾಕು."

ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾರು ಯಾವ ಕಡೆಗಿದೆ ಎಂದು ನೋಡಿದ.