ಎದ್ದು ನಿಂತ ಮೇಲಿನ ಮಾತು

ನನ್ನ ಅಂಗಡಿ ಇರುವುದು ಮೆಟ್ಟಿಲ ಬುಡದಲ್ಲಿ. ಹಾಸಿಗೆ, ದಿಂಬು, ಕುರ್ಚಿಯ ಮೆತ್ತೆ ಬಿಚ್ಚಿ, ಹೊಸದಾಗಿ ತುಂಬಿ ಹೊಲಿಯುವುದು ಕೆಲಸ. ಮೇಲಿನ ಮನೆಗಳಿಗೆ ಹೋಗುವವರೆಲ್ಲ ನನ್ನ ಮುಂದೆಯೇ ಹಾಯಬೇಕು. ಓದು ಬರಹ ನನಗೆ ಅಷ್ಟಕ್ಕಷ್ಟೆ. ಆದರೆ ಚಪ್ಪಲಿ ಸದ್ದು ಕೇಳಿದರೆ ಯಾರು ಇಳಿಯುತ್ತಿದ್ದಾರೆ, ಮುಖ ಹೇಗಿಟ್ಟುಕೊಂಡು ಇಳಿಯುತ್ತಿದ್ದಾರೆ ಅನ್ನುವುದು ಸುಮಾರಾಗಿ ತಿಳಿಯುತ್ತದೆ.

ಅಕ್ಕನ ಮಗಳು ಪರದೇಶದಿಂದ ಬಂದು ಮೊದಲ ಮಹಡಿಯಲ್ಲಿ ಮನೆ ಮಾಡಿದಳು. ಕೂದಲು ಅರ್ಧ ಬೆಳ್ಳಗಾಗಿದೆ, ನನಗೆ ಮಾತ್ರ ಈಗಲೂ ಪುಟ್ಟಿಯೇ. ಅಲ್ಲಿ ದೊಡ್ಡದೊಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕಡೆಗೆ ಇವಳೇ ಮೇಲ್ವಿಚಾರಕಿಯಾಗಿದ್ದಳು. ಬಿಟ್ಟು ಬಂದಳು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಪೂರ್ತಿ ಬಿಟ್ಟಿರಲಿಲ್ಲ. ತಿಂಗಳ ಕೊನೆಯೊಳಗೆ ಹೂಂ ಅಂದರೆ ಅದೇ ಜಾಗ ಸಿಗುತ್ತದೆ ಎಂದು ಏಜೆಂಟು ಹೇಳಿದ್ದನಂತೆ. ಇಲ್ಲಿ ಜನ ಮತ್ತೆ ಹಚ್ಚಿಕೊಂಡರೆ ಇರುವುದು, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟುವುದು, ಇದು ಅವಳ ಲೆಕ್ಕ. ನನ್ನ ಅಭಿಪ್ರಾಯ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಂದ ವಾರದ ರಜೆಯಂದು ಮನೆ ತುಂಬ ಜನ. ಎದುರು ಮನೆಯ ಮೀಟರ್ ರೀಡರು, ಅವನ ಹೆಂಡತಿ, ಮತ್ತೆ ಗುಂಡಿ. ಗುಂಡಿ ಅಂದರೆ ಪುಟ್ಟಿಯ ಜೊತೆ ಬೆಳೆದವಳು. ಮೂಲೆಯ ಅಂಗಡಿಯಲ್ಲಿ ಗುಂಡಿ, ದಾರ, ಝಿಪ್ಪು ಮಾರುತ್ತಾಳೆ, ಅದಕ್ಕೇ ಆ ಹೆಸರು. ಮೇಲಿನಿಂದ ನಗು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲರೂ ಒಟ್ಟಿಗೆ ಇಳಿದು ಬಂದರು. ಮೆಟ್ಟಿಲ ತುದಿಯಲ್ಲಿ ಯಾರೂ ನಿಲ್ಲಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು. ನಮ್ಮ ಜನ ಒಳಗೆ ಕೂತದ್ದಕ್ಕಿಂತ ಹೆಚ್ಚು ಹೊತ್ತು ಬಾಗಿಲಲ್ಲಿ ನಿಲ್ಲುವವರು.

"ಏನಪ್ಪಾ, ಇಷ್ಟು ಬೇಗ?" ಅಂದೆ.

"ಬರ್ತೀವಿ ಅಂತ ಬಾಯಿ ತೆಗೆದೆ ಅಷ್ಟೆ. ಆಕೆ ಬಾಗಿಲು ತೆಗೆದು ಮೆಟ್ಟಿಲ ದೀಪಾನೂ ಹಾಕಿಬಿಟ್ಳು" ಅಂದ ಮೀಟರ್ ರೀಡರು.

"ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ" ಅಂದಳು ಅವನ ಹೆಂಡತಿ.

"ದೊಡ್ಡ ಹೋಟೆಲ್ ನೋಡಿ. ಅಲ್ಲಿ ರೂಮು ಖಾಲಿ ಮಾಡ್ಸೋ ಅಭ್ಯಾಸ ಇರುತ್ತೆ" ಅಂದ ಅವನು.

ಗುಂಡಿ ಮಾತ್ರ ನಗಲಿಲ್ಲ. ಛತ್ರಿ ಊರಿಕೊಂಡು ಹೋದಳು.

ಆಮೇಲೆಯೂ ಅವಳು ಒಬ್ಬಳೇ ಎರಡು ಸಲ ಬಂದಳು. ಎರಡು ಸಲವೂ ಬೇಗ ಇಳಿದಳು. ಮುಂದೆ ಬರುವುದು ನಿಂತಿತು. ಮೀಟರ್ ರೀಡರನ ಮನೆಯವರು ಎದುರಾದಾಗ ನಕ್ಕು ಬೀಗ ತೆಗೆದು ಒಳಗೆ ಹೋಗುತ್ತಿದ್ದರು.

ಪುಟ್ಟಿ ಸಂಜೆ ಹೊತ್ತು ಕೆಳಗೆ ಬಂದು ನಾರಿನ ಮೂಟೆಯ ಮೇಲೆ ಕೂರಲು ಶುರುಮಾಡಿದಳು. ಒಂದು ದಿನ ಕೇಳಿದಳು. "ಮಾವ, ನಾನೇನಾದ್ರೂ ತಪ್ಪು ಮಾಡಿದ್ನಾ? ಯಾರೂ ಬರ್ತಾನೇ ಇಲ್ಲ."

"ಬಂದವರನ್ನ ಕೂರಿಸಿಕೊಳ್ಳೋದಿಲ್ಲವಂತೆ ನೀನು."

"ಹೊರಡ್ತೀನಿ ಅಂದೋರನ್ನ ಹಿಡ್ಕೊಂಡು ಕೂರಿಸೋದಾ? ಅಲ್ಲಿ ಹಾಗೆ ಮಾಡಿದ್ರೆ ಒರಟು ಅಂತಾರೆ. ಅವರಿಗೆ ರೈಲಿರುತ್ತೆ, ಕೆಲಸ ಇರುತ್ತೆ. ಕೋಟು ತಂದು ಕೈಗೆ ಕೊಡೋದೇ ಮರ್ಯಾದೆ."

ನಾನು ದಾರಕ್ಕೆ ಮೇಣ ಹಚ್ಚುತ್ತಿದ್ದೆ. ಹೇಳಿ ಕೊಡಬಹುದಿತ್ತು. ಆದರೆ ನನಗೆ ಅವಳ ಸ್ವಭಾವ ಗೊತ್ತು. ಹೇಳಿದರೆ ಹೋಟೆಲಿನ ಚಾದರ ಮಡಚಿದ ಹಾಗೆ ಅಳತೆ ಹಿಡಿದು ಮಾಡುತ್ತಾಳೆ. ಬಂದವರನ್ನೆಲ್ಲ ಒಂದೇ ಸಮ ತಡೆದು ಕೂರಿಸುತ್ತಾಳೆ, ಅವರಿಗೂ ಉಸಿರು ಕಟ್ಟುತ್ತದೆ. ಮೇಣ ಹಚ್ಚಿದ ದಾರವನ್ನು ದಬ್ಬಳಕ್ಕೆ ಪೋಣಿಸಿದೆ.

ತಿಂಗಳು ಕಳೆಯುತ್ತ ಬಂತು. ಒಂದು ಸಂಜೆ ಪುಟ್ಟಿ ಪೆಟ್ಟಿಗೆಯ ಧೂಳು ಒರೆಸಿದ್ದಾಗಿ ಹೇಳಿದಳು. "ಇವತ್ತು ಫೋನ್ ಮಾಡ್ತಾನೆ ಏಜೆಂಟು" ಅಂದಳು. ನಾನು ಆಗ ದಪ್ಪನೆಯ ಮೆತ್ತೆಯೊಂದರ ಬಾಯಿ ಮುಚ್ಚುತ್ತಿದ್ದೆ. ಅಂಥದಕ್ಕೆ ಎರಡು ಅಂಚನ್ನೂ ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊಲಿಯಬೇಕು. ಹಿಡಿದವರು ಕೈ ಬಿಟ್ಟರೆ ಹತ್ತಿಯೆಲ್ಲ ಹೊರಗೆ.

"ಸ್ವಲ್ಪ ಹಿಡಿ ಪುಟ್ಟಿ" ಅಂದೆ. ಅವಳು ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಅಷ್ಟರಲ್ಲಿ ಗುಂಡಿ ಬಂದಳು. ಅಂಗಡಿಯ ಸ್ಟೂಲು ತಂದಿದ್ದಳು, ಮೇಲಿನ ಮೆತ್ತೆ ಹರಿದಿತ್ತು. ಪುಟ್ಟಿಯನ್ನು ನೋಡಿ ಒಂದು ಗಳಿಗೆ ತಡೆದಳು.

"ಚೆನ್ನಾಗಿದ್ದೀಯೇನೇ?"

"ಚೆನ್ನಾಗಿದ್ದೀನಿ. ನೀನು?"

"ಇದ್ದೀನಿ." ಸ್ಟೂಲು ನನ್ನ ಪಕ್ಕಕ್ಕೆ ಸರಿಸಿದಳು. "ಯಾವಾಗ ಆಗುತ್ತೋ ಆಗಲಿ, ಅವಸರ ಇಲ್ಲ. ಸರಿ, ಬರ್ತೀನಿ."

ಪುಟ್ಟಿ ಅಭ್ಯಾಸಬಲದಿಂದ ಏಳಲು ಹೋದಳು. "ಕೈ ಬಿಡಬೇಡ" ಅಂದೆ. ಕೂತಳು. ಗುಂಡಿಯ ಛತ್ರಿ ಗೋಡೆಗೆ ಒರಗಿಯೇ ಇತ್ತು. ತೆಗೆದುಕೊಡುವವರು ಯಾರೂ ಇಲ್ಲ. ಗುಂಡಿ ನಿಂತಳು. ನಾನು ದಬ್ಬಳ ಚುಚ್ಚಿ, ದಾರ ಪೂರ್ತಿ ಎಳೆದು, ಮತ್ತೆ ಚುಚ್ಚಿದೆ. ಸಾಮಾನ್ಯವಾಗಿ ನನ್ನ ಕೈ ಅಷ್ಟು ನಿಧಾನ ಅಲ್ಲ.

"ಮೊನ್ನೆ ಕಂದು ದಾರ ಕೇಳಿದವಳಿಗೆ ನೇರಳೆ ಕೊಟ್ಟೆ" ಅಂದಳು ಗುಂಡಿ, ಬೀದಿ ಕಡೆ ನೋಡುತ್ತ.

"ಯಾಕೆ?" ಅಂದಳು ಪುಟ್ಟಿ.

"ಎರಡೂ ಒಂದೇ ಥರ ಕಾಣ್ತಿತ್ತು. ಅವಳು ಕುಪ್ಪಸ ಹೊಲಿದು ತಂದು ಮುಖದ ಮೇಲೆ ಹಿಡಿದಳು. ಕಣ್ಣಿನ ಡಾಕ್ಟರು ಬಣ್ಣ ಗುರುತಿಸೋದು ಹೋಗ್ತಾ ಇದೆ ಅಂದ್ರು. ವಾಪಸ್ ಬರೋದಿಲ್ಲವಂತೆ." ಸ್ಟೂಲನ್ನು ಮತ್ತೆ ತನ್ನ ಕಡೆ ಎಳೆದುಕೊಂಡು ಹರಿದ ಮೆತ್ತೆಯ ಮೇಲೆಯೇ ಕೂತಳು. "ದಾರದ ಅಂಗಡಿ ಇಟ್ಟುಕೊಂಡು ಇದನ್ನ ಯಾರಿಗೆ ಹೇಳಲಿ?"

"ನನಗೆ ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಬಂದೆ, ಎರಡು ಸಲ. ಎದ್ದು ನಿಂತ ಕೂಡಲೇ ಛತ್ರಿ ತಂದು ಕೈಗೆ ಕೊಟ್ಟೆಯಲ್ಲೇ, ಮಹಾರಾಯ್ತಿ."

"ನೀನೇ ಹೊರಡ್ತೀನಿ ಅಂದೆ."

"ಅಂದ್ರೆ? ಅಂದ ತಕ್ಷಣ ಹೊರಟೇಬಿಡ್ತಾರಾ ಯಾರಾದ್ರೂ?"

ಪುಟ್ಟಿ ಮೆತ್ತೆಯ ಅಂಚನ್ನೇ ನೋಡುತ್ತಿದ್ದಳು. ಕೈ ಬಿಟ್ಟಿರಲಿಲ್ಲ, ಉಗುರು ಬೆಳ್ಳಗಾಗುವಷ್ಟು ಒತ್ತಿದ್ದಳು.

"ಅಂಗಡಿ ಏನು ಮಾಡ್ತೀಯ?" ಎಂದು ಕೇಳಿದಳು.

"ಕೊಟ್ಟುಬಿಡ್ತೀನಿ ಯಾರಿಗಾದ್ರೂ. ನನ್ನ ಜೊತೆ ಅಂಗಡೀಲಿ ಕೂತ್ಕೋ ಅಂತ ನಿನ್ನ ಕೇಳೋಣ ಅಂದ್ಕೊಂಡಿದ್ದೆ. ನೀನೋ ಮತ್ತೆ ಹೋಗ್ತೀಯಂತೆ, ಮೀಟರ್ ರೀಡರು ಹೇಳ್ತಿದ್ದ."

"ಚಾದರದ ಬಿಳೀಲಿ ಹಳದಿ ಹೊಡೆದಿದ್ದು ಯಾವುದು, ನೀಲಿ ಹೊಡೆದಿದ್ದು ಯಾವುದು ಅಂತ ಆರಿಸೋದೇ ನನ್ನ ಕೆಲಸವಾಗಿತ್ತು ಕಣೆ" ಅಂದಳು ಪುಟ್ಟಿ.

ಅವಳ ಫೋನು ನೆಲದ ಮೇಲೆ ಬಟ್ಟೆಯ ಚೂರುಗಳ ನಡುವೆ ಹೊಡೆದುಕೊಂಡಿತು.

"ಯಾರದೇ?"

"ಏಜೆಂಟಿಂದು."

"ಎತ್ತು ಮತ್ತೆ."

"ಕೈ ಎಲ್ಲಿದೆ ನನಗೆ?"

ಫೋನು ಹೊಡೆದುಕೊಂಡು ನಿಂತಿತು. ನಾನು ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರ ಕಡಿದೆ. ಪುಟ್ಟಿ ಕೈ ಒರೆಸಿಕೊಂಡು ತಾನೇ ಫೋನು ಮಾಡಿದಳು.

"ಇಲ್ಲ, ಬರೋದಿಲ್ಲ" ಅಂದಳು. ಆ ಕಡೆಯವನು ಕಾರಣ ಕೇಳಿರಬೇಕು. "ಅಂಗಡಿ ಇದೆ" ಅಂದಳು.

"ಯಾರ ಅಂಗಡಿನೇ?" ಅಂದಳು ಗುಂಡಿ.

"ಸುಮ್ನಿರು."

ಗುಂಡಿ ಎದ್ದು ಛತ್ರಿ ತೆಗೆದುಕೊಂಡಳು. "ಸರಿ, ಬರ್ತೀನಿ ಹಾಗಾದ್ರೆ" ಅಂದಳು. ಪುಟ್ಟಿಯೂ ಎದ್ದಳು, ದಾರಿಗೆ ಅಡ್ಡವಾಗಿಯೇ ನಿಂತು ಯಾವ ಡಾಕ್ಟರು, ಏನು ಔಷಧಿ ಎಂದು ಕೇಳತೊಡಗಿದಳು. ನಾನು ನಾರು ಗುಡಿಸಿದೆ, ದೀಪ ಆರಿಸಿದೆ, ಶಟರು ಎಳೆದು ಬೀಗ ಹಾಕಿದೆ. ಇಬ್ಬರೂ ಮೆಟ್ಟಿಲ ಬುಡದಲ್ಲೇ ಇದ್ದರು. ಅವರನ್ನು ಬಳಸಿಕೊಂಡು ನಾನು ಮನೆಗೆ ಹೋದೆ.