ಹೆಂಡತಿಗೆಂದು ತಂದ ಬಂದೂಕು

ಹುಟ್ಟುಹಬ್ಬದ ಬೆಳಿಗ್ಗೆ ಗಂಡ ಉದ್ದನೆಯ ಪೆಟ್ಟಿಗೆಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟಾಗ ಅವಳ ಕಣ್ಣು ತುಂಬಿ ಬಂದದ್ದು ನಿಜ. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಕೆಲಸ ಅವಳದು. ವಾರವೆಲ್ಲ ಇನ್ನೊಬ್ಬರ ತಪ್ಪಿಗೆ ತಾನು ಬ್ರೇಕು ತುಳಿದು ತುಳಿದು ಸಾಕಾಗಿ, ಭಾನುವಾರ ಊರಾಚೆಯ ಕ್ಲಬ್ಬಿಗೆ ಹೋಗಿ, ಯಂತ್ರದಿಂದ ಹಾರಿಬರುವ ಮಣ್ಣಿನ ಬಿಲ್ಲೆಗಳನ್ನು ಬಂದೂಕಿನಿಂದ ಒಡೆಯುವುದೊಂದೇ ಅವಳ ಚಟ. ಎರಡು ವರ್ಷ ಕ್ಲಬ್ಬಿನ ಬಾಡಿಗೆ ಬಂದೂಕಿನಲ್ಲೇ ಹೊಡೆದಿದ್ದಳು. "ನನ್ನದೇ ಒಂದು ತಗೋಬೇಕು, ನಾನೇ ಹೋಗಿ ಆರಿಸಬೇಕು" ಎಂದು ಮನೆಯಲ್ಲಿ ಹೇಳುತ್ತಲೇ ಇದ್ದಳು. ಅದರಲ್ಲಿ ಮೊದಲರ್ಧವಷ್ಟೇ ಗಂಡನ ಕಿವಿಗೆ ಹೋದಂತಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಒಂದರ ಮೇಲೊಂದು ಕೂತ ಜೋಡಿ ನಳಿಗೆಯ ಬಂದೂಕು. ಜೇನಿನ ಬಣ್ಣದ ಮರ, ಉಕ್ಕಿನ ಮೇಲೆ ಬಳ್ಳಿಯ ಕೆತ್ತನೆ. ಚಂದಕ್ಕೇನೂ ಕೊರತೆಯಿರಲಿಲ್ಲ. ಅವಳು ಅದನ್ನು ಬಾಗಿಸಿ ತೆರೆದು, ಖಾಲಿಯಿದೆಯೆಂದು ನೋಡಿಕೊಂಡು ಮುಚ್ಚಿ, ಖಾಲಿ ಗೋಡೆಯ ಕಡೆ ತಿರುಗಿ ಭುಜಕ್ಕೆತ್ತಿದಳು. ಹಿಂಬದಿಯ ಮರದ ತುದಿ ಕಂಕುಳಲ್ಲಿ ಸಿಕ್ಕಿಕೊಂಡಿತು. ಬಿಡಿಸಿ, ಮತ್ತೆ ಎತ್ತಿ ಕೆನ್ನೆ ಒರಗಿಸಿದರೆ ಗುರಿ ಹಿಡಿಯಲು ಬೇಕಾದ ನಳಿಗೆಯ ಮೇಲಿನ ಪಟ್ಟಿ ಕಾಣಲೇ ಇಲ್ಲ. ಕಣ್ಣೆದುರು ಬರೀ ಉಕ್ಕಿನ ಬೆನ್ನು.

"ಇದು ನನಗೆ ಉದ್ದ ರೀ. ಕೆನ್ನೆ ಇಡೋ ಕಡೆ ಮರಾನೂ ತುಂಬಾ ಇಳಿದಿದೆ. ನೀವು ಆರಿಸೋವಾಗ ನನ್ನನ್ನ ಕರ್ಕೊಂಡು ಹೋಗಬಾರದಿತ್ತಾ?"

"ಹೊಸ ಚಪ್ಪಲಿ ಇದ್ದ ಹಾಗೆ. ನಾಲ್ಕು ದಿನ ಕಚ್ಚುತ್ತೆ, ಆಮೇಲೆ ಸರಿಹೋಗುತ್ತೆ," ಎಂದ ಗಂಡ.

ಸೋಫಾದಲ್ಲಿ ಕೂತಿದ್ದ ಅತ್ತೆ ಕನ್ನಡಕ ಏರಿಸಿಕೊಂಡು ಮಗನನ್ನೇ ನೋಡಿದರು. "ಚಿಕ್ಕವನಿದ್ದಾಗ ತಂಗಿ ಹುಟ್ಟುಹಬ್ಬಕ್ಕೆ ಫುಟ್‌ಬಾಲೇ ಬೇಕು ಅಂತ ಹಟ ಹಿಡಿದು ಕೊಡಿಸಿದ್ದ. ಆ ಮಗು ಇನ್ನೂ ತೆವಳ್ತಾ ಇತ್ತು."

"ಅಮ್ಮಾ, ನೀನು ಸುಮ್ನಿರು."

ಭಾನುವಾರ ಕ್ಲಬ್ಬಿನಲ್ಲಿ ಅವಳ ಮಾನ ಹೋಯಿತು. ಬಿಲ್ಲೆ ಕಾಣಬೇಕೆಂದರೆ ಕೆನ್ನೆಯನ್ನು ಮರದಿಂದ ಮೇಲೆತ್ತಬೇಕು. ಎತ್ತಿದರೆ ಗುಂಡು ಬಿಲ್ಲೆಯ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು, ಬಂದೂಕು ಹಿಂದಕ್ಕೊದ್ದು ಕೆನ್ನೆಯ ಮೂಳೆಗೆ ಬಾರಿಸುತ್ತಿತ್ತು. ಬಿಲ್ಲೆಗಳು ಕೂದಲೂ ಕೊಂಕದೆ ಹುಲ್ಲಿನ ಮೇಲೆ ಬಂದು ಕೂತವು.

"ಕೊಡು ಇಲ್ಲಿ, ತಪ್ಪು ಬಂದೂಕಿನದಾ ನೋಡೋಣ," ಎಂದ ಗಂಡ. ಅವಳ ಜೊತೆ ಬರುತ್ತ ಬರುತ್ತ ಅವನೂ ಕಲಿತಿದ್ದ, ಲೈಸೆನ್ಸೂ ಮಾಡಿಸಿಕೊಂಡಿದ್ದ. ಹತ್ತರಲ್ಲಿ ಮೂರು ಒಡೆದರೆ ಅವನ ಪುಣ್ಯ. ಅವತ್ತು ಮಾತ್ರ ಬಿಲ್ಲೆ ಮೇಲೆ ಬಿಲ್ಲೆ ಪುಡಿಯಾಯಿತು. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. "ಬಂದೂಕು ಸರಿಯಾಗೇ ಇದೆ," ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದೆ ಯಾರೋ ನಕ್ಕದ್ದು ಅವಳಿಗೆ ಕೇಳಿಸಿತು.

ಮರುದಿನ ಕೆನ್ನೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕಾರು ಕಲಿಯಲು ಬರುತ್ತಿದ್ದ ನರ್ಸೊಬ್ಬಳು ಸಿಗ್ನಲ್ಲಿನಲ್ಲಿ ನಿಂತಾಗ ತಗ್ಗಿದ ದನಿಯಲ್ಲಿ, "ಮೇಡಂ, ಮನೇಲಿ ಏನಾದ್ರೂ ತೊಂದ್ರೆ ಇದ್ರೆ ನನ್ನ ಹತ್ರ ಹೇಳ್ಬಹುದು," ಎಂದಳು.

"ಗಂಡ ಹೊಡೆದದ್ದಲ್ಲ. ಗಂಡ ತಂದ ಬಂದೂಕು ಹೊಡೆದದ್ದು."

ನರ್ಸ್ ಗಾಬರಿಯಲ್ಲಿ ಕ್ಲಚ್ ಬಿಟ್ಟಳು. ಕಾರು ಜಿಗಿದು ಸತ್ತುಹೋಯಿತು. ಹಿಂದಿನವರೆಲ್ಲ ಹಾರನ್ ಒತ್ತತೊಡಗಿದರು. ಆಡಿದ ಮಾತನ್ನು ಅವಳು ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡಳು.

ಶನಿವಾರ ಬಂದೂಕನ್ನು ಹೊತ್ತುಕೊಂಡು, ಅದನ್ನು ಕೊಂಡಿದ್ದ ಅಂಗಡಿಗೆ ಹೊರಟಳು. ಮರ ಕೊಯ್ಯಿಸುತ್ತೇನೆ ಎಂದಾಗ ಗಂಡ ಕೆಲಸ ಬಿಟ್ಟು ಬೆನ್ನುಹತ್ತಿದ.

ಎಣ್ಣೆಯ ವಾಸನೆಯ ಆ ಅಂಗಡಿಯ ಯಜಮಾನ ಬಂದೂಕನ್ನು ನೋಡುತ್ತಲೇ ಗುರುತು ಹಿಡಿದ. "ಇದು ನಿಮ್ಮೆಜಮಾನ್ರ ಅಳತೆಗೇ ಮಾಡಿಕೊಟ್ಟದ್ದಲ್ವಾ? ಕತ್ತು ಉದ್ದ, ಮರ ಇನ್ನೂ ಸ್ವಲ್ಪ ಕೆರೀಬೇಕು ಅಂತ ಎರಡು ಸಲ ಬಂದಿದ್ರು."

ಗಂಡ ಗೋಡೆಗೆ ತೂಗುಹಾಕಿದ್ದ ಟೋಪಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಅವಳು ಬಂದೂಕನ್ನು ಕೆಲಸದ ಮೇಜಿನ ಮೇಲಿಟ್ಟಳು. "ನನ್ನ ಅಳತೆ ತಗೊಂಡು ಕೊಯ್ಯಿರಿ."

"ಬೇಡ," ಎಂದ ಗಂಡ.

"ಯಾಕೆ?"

"ಅಷ್ಟು ಒಳ್ಳೆ ಮರ."

"ನನ್ನ ಮರ. ಅಲ್ವಾ?" ಅವನು ಮತ್ತೆ ಟೋಪಿಗಳ ಕಡೆ ತಿರುಗಿದ. "ಹೇಳು. ಇದನ್ನ ಯಾರಿಗೆ ತಂದೆ?"

ಮದುವೆಯಾದಂದಿನಿಂದ ಹೇಳಿಕೊಂಡು ಬಂದ 'ನೀವು' ಆ ಅಂಗಡಿಯ ನೆಲದ ಮೇಲೆ ಬಿದ್ದುಹೋಯಿತು. ಯಜಮಾನ ಕೈಗೆತ್ತಿಕೊಂಡಿದ್ದ ಗರಗಸ ಕೆಳಗಿಟ್ಟು, ಏನೋ ಹುಡುಕುವವನಂತೆ ಒಳಗೆ ಹೋದ.

"ನನಗೂ ಒಂದು ಬೇಕಿತ್ತು," ಎಂದ ಗಂಡ ಕೊನೆಗೆ. "ಹೊಡೆಯೋಕೆ ಬರದವನಿಗೆ ಇಂಥ ಬಂದೂಕು ಯಾಕೆ ಅಂತ ಎಲ್ಲರೂ ನಗ್ತಾರೆ ಅನ್ನಿಸ್ತು."

"ಅದಕ್ಕೆ ನನ್ನ ಹೆಸರು ಬೇಕಾಯ್ತು. ಕೆನ್ನೆ ಊದಿದ್ದು ನೋಡ್ಕೊಂಡೇ ಎದುರಿಗೆ ಕೂತು ಊಟ ಮಾಡಿದೆ. ಅಷ್ಟು ಜನರ ಮುಂದೆ ಬಂದೂಕು ಸರಿಯಿದೆ ಅಂದೆ."

"ತಪ್ಪಾಯ್ತು."

"ತಪ್ಪು ತಾನಾಗೇ ಆಗಲ್ಲ. ನೀನು ಮಾಡಿದೆ."

ಅವನು ನೆಲ ನೋಡಿದ. "ತಪ್ಪು ಮಾಡಿದೆ."

"ನಿನ್ನ ಬಂದೂಕು ತಗೊಂಡು ಕಾರಲ್ಲಿ ಕೂತ್ಕೋ."

ಅವನು ಹೋದ ಮೇಲೆ ಅವಳು ಆರಿಸಲು ನಿಂತಳು. ಕಣ್ಣು ಮುಚ್ಚಿ ಎತ್ತಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ತೆರೆಯುವುದು; ಒಂದೊಂದನ್ನೂ ಹಾಗೆಯೇ ನೋಡಿದಳು. ಒಂದರ ಮೂತಿ ಭಾರವಾಗಿ ಕೆಳಗೆ ಜಗ್ಗಿತು. ಇನ್ನೊಂದು ಹಗುರವೇನೋ ಹೌದು, ಆದರೆ ಹಗುರವಾದದ್ದು ಜಾಸ್ತಿ ಒದೆಯುತ್ತದೆಂದು ಅವಳಿಗೆ ಗೊತ್ತಿತ್ತು. ಮತ್ತೊಂದರಲ್ಲಿ ಗುಂಡು ಹಾರಿಸುವ ಕುದುರೆಗೆ ಬೆರಳು ಎಟುಕಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ, ಕೆತ್ತನೆ ಗಿತ್ತನೆ ಏನೂ ಇಲ್ಲದ ಒಂದು ಕರಿ ಬಂದೂಕು ಸಿಕ್ಕಿತು. ಕೆನ್ನೆ ಒರಗುವ ಜಾಗವನ್ನು ತಿರುಪಿನಿಂದ ಏರಿಸಿ ಇಳಿಸಬಹುದಿತ್ತು. ಯಜಮಾನ ಏರಿಸಿಕೊಟ್ಟ. ಅವಳು ಕಣ್ಣು ತೆರೆದಾಗ ನಳಿಗೆಯ ಪಟ್ಟಿ ನೇರ ರಸ್ತೆಯಂತೆ ಎದುರಿಗಿತ್ತು, ತುದಿಯಲ್ಲಿ ಗುರಿಯ ಸಣ್ಣ ಮಣಿ.

"ಇದು," ಎಂದಳು.

ಮರುದಿನ ಕ್ಲಬ್ಬಿನಲ್ಲಿ ಅವಳು ಹೊಡೆದ ಹೊಡೆತಕ್ಕೆ ಬಿಲ್ಲೆಗಳು ಹೊಗೆಯಾದವು. ಮುಗಿಸಿ ಬಂದು, ಎಲ್ಲರೂ ಟೀ ಕುಡಿಯುತ್ತಿದ್ದಾಗ ಗಂಡನ ಕಡೆ ತಿರುಗಿ, "ಹೋದ ವಾರ ಏನಾಯ್ತು ಅಂತ ಇವರಿಗೆ ನೀನೇ ಹೇಳು," ಎಂದಳು. ಅವನು ಕಪ್ಪು ಕೆಳಗಿಟ್ಟು, ಏನನ್ನೂ ಬಿಡದೆ ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗಲಿಲ್ಲ, ಅವರನ್ನು ತಡೆಯಲೂ ಇಲ್ಲ.

ವಾಪಸ್ಸು ಬರುವಾಗ ಕಾರು ಓಡಿಸುತ್ತಿದ್ದವಳು ಅವಳೇ. ಬಹಳ ದೂರ ಬಂದ ಮೇಲೆ ಅವನು, "ಎಲ್ಲರೂ ನಕ್ಕರು," ಎಂದ.

"ಕೇಳಿಸ್ತು," ಎಂದು ಅವಳು ಗೇರು ಬದಲಿಸಿದಳು.